ಮಕ್ಕಳ ಸಂಧಿವಾತ: ಅದು ನಿಜವಾಗಿ ಅಪರೂಪವೇ?

(ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಸಂಧಿವಾತವೆಂದೊಡನೆ ಜನರ ಕಣ್ಣ ಮುಂದೆ ಬಂದು ನಿಲ್ಲುವುದು ಮುಪ್ಪಿನ ಚಿತ್ರ. ಜಗಲಿಯ ಮೇಲೆ ಮೊಳಕಾಲನ್ನು ನೀವಿಕೊಳ್ಳುತ್ತ ಕುಳಿತ ಅಜ್ಜ, ಕೋಲೂರಿಕೊಂಡು ಮೆಟ್ಟಿಲೇರುವ ಅಜ್ಜಿ, ಮೂಲೆಯಲ್ಲಿ ಬೆಚ್ಚಗೆ ಕಾಯಿಸಿಟ್ಟ ಎಣ್ಣೆಯ ಬಟ್ಟಲು. ಈ ಚಿತ್ರವು ಸುಳ್ಳಲ್ಲ. ಆದರೆ ಅರ್ಧ ಮಾತ್ರ. ಇನ್ನೂ ಹಾಲುಹಲ್ಲು ಬೀಳದ ಕೂಸಿನ ಮೊಳಕಾಲಿಗೂ ಈ ಹೆಸರಿನ ರೋಗವು ಬಂದು ತಂಗುವುದುಂಟು. ಇದನ್ನು ಹೇಳಿದರೆ ಊರ ಹಿರಿಯರು ನಗುತ್ತಾರೆ. ಓದಿದವರೂ ಕೆಲವರು ನಗುವುದುಂಟು. “ಮಗುವಿಗೆಲ್ಲಿಯ ವಾಯು?” ಎಂಬ ಆ ಒಂದು ಪ್ರಶ್ನೆಯಲ್ಲಿಯೇ ಎಷ್ಟೋ ಮಕ್ಕಳ ತಿಂಗಳುಗಳೂ ವರ್ಷಗಳೂ ಕಳೆದುಹೋಗಿವೆ. ಆದಕಾರಣ ಆ ಪ್ರಶ್ನೆಯನ್ನೇ ಈ ಹೊತ್ತಿನ ವಿಷಯವಾಗಿ ಎತ್ತಿಕೊಳ್ಳುವುದು ಯುಕ್ತ: ಮಕ್ಕಳಲ್ಲಿ ಸಂಧಿವಾತವು ಎಷ್ಟು ಸಾಮಾನ್ಯ? ಅಪರೂಪವೆಂದು ಜನರು ನಂಬಿರುವುದು ರೋಗವು ಅಪರೂಪವಾದುದರಿಂದಲೋ, ನೋಡುವ ಕಣ್ಣು ಅಪರೂಪವಾದುದರಿಂದಲೋ?

ಕೀಲೆಂಬುದು ಎರಡು ಎಲುಬುಗಳು ಕೂಡುವ ಸ್ಥಳ. ಅದರ ಒಳಮೈಗೆ ತೆಳ್ಳಗಿನ ಒಂದು ಪೊರೆಯುಂಟು. ಆ ಪೊರೆಯು ಸ್ರವಿಸುವ ಜಿಗುಟಾದ ರಸದಿಂದ, ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದಂತೆ, ಕೀಲು ಸಲೀಸಾಗಿ ಆಡುತ್ತದೆ. ಶರೀರವನ್ನು ರೋಗಾಣುಗಳಿಂದ ಕಾಯಬೇಕಾದ ರಕ್ಷಣಶಕ್ತಿಯು ದಾರಿತಪ್ಪಿ ಈ ಪೊರೆಯ ಮೇಲೆಯೇ ತಿರುಗಿಬಿದ್ದಾಗ ಅದು ದಪ್ಪನಾಗಿ, ಒಳಗೆ ನೀರು ತುಂಬಿ, ಕೀಲು ಬಾತು ಬಿಸಿಯಾಗುತ್ತದೆ. ಬಹುಕಾಲ ಹಾಗೆಯೇ ಬಿಟ್ಟರೆ ಎಲುಬಿನ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಯು ಕೆಡುತ್ತದೆ. ಮುದುಕರ ಮೊಳಕಾಲಿನ ರೋಗವು ಬಹುಮಟ್ಟಿಗೆ ಸವೆತ, ಮಕ್ಕಳದು ಉರಿ. ಹೆಸರು ಒಂದೇ ಆದುದರಿಂದ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಭ್ಯಾಸವು ಬೆಳೆದುಬಂದಿದೆ.

ಹದಿನಾರು ವರ್ಷ ತುಂಬುವುದಕ್ಕೆ ಮೊದಲೇ ಹುಟ್ಟಿ, ಆರು ವಾರಗಳಿಗೆ ಕಡಮೆಯಿಲ್ಲದೆ ನಿಂತು, ಬೇರೆ ಯಾವ ಕಾರಣವೂ ದೊರೆಯದ ಕೀಲುರಿಗೆ ವೈದ್ಯರು ‘ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್’ ಎನ್ನುತ್ತಾರೆ. ಇಡಿಯೋಪಥಿಕ್ ಎಂದರೆ ಕಾರಣವು ತಿಳಿಯದೆಂದು ಅರ್ಥ. ತಿಳಿಯದೆಂಬುದನ್ನು ಗ್ರೀಕ್ ಮಾತಿನಲ್ಲಿ ಹೇಳಿದರೆ ಅದಕ್ಕೂ ಒಂದು ಗಾಂಭೀರ್ಯ ಬರುತ್ತದೆ! ಈ ಹೆಸರು ಕಳೆದ ಶತಮಾನದ ಕೊನೆಯ ದಶಕದಲ್ಲಿ ಬಂದುದು. ಅದಕ್ಕೆ ಮೊದಲು ಅಮೆರಿಕದವರದು ಒಂದು ಹೆಸರು, ಯುರೋಪಿನವರದು ಇನ್ನೊಂದು ಹೆಸರಾಗಿದ್ದು, ಯಾವುದನ್ನು ರೋಗವೆಂದು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿಯೇ ಒಮ್ಮತವಿರಲಿಲ್ಲ. ಎಣಿಕೆಯ ಮಾತು ಬರುವಾಗ ಇದನ್ನು ನೆನಪಿನಲ್ಲಿಡತಕ್ಕದ್ದು.

ರೋಗವು ಹೊಸದಲ್ಲ. ಕೀಲುಗಳು ಬಾತು ಜ್ವರದೊಡನೆ ಬರುವ ಆಮವಾತವನ್ನು ನಮ್ಮ ದೇಶದ ‘ಮಾಧವನಿದಾನ’ವು ಸಾವಿರ ವರ್ಷಗಳಿಗೂ ಹಿಂದೆಯೇ ವರ್ಣಿಸಿದೆ. ಮಕ್ಕಳ ರೋಗವನ್ನೇ ಬೇರೆಯಾಗಿ ಎತ್ತಿಹಿಡಿದವನು ಲಂಡನ್ನಿನ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ವೈದ್ಯನು. ೧೮೯೭ರಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ೨೨ ಮಕ್ಕಳ ವೃತ್ತಾಂತವನ್ನು ಬರೆದು, ಇವರಲ್ಲಿ ಕೆಲವರ ರೋಗವು ದೊಡ್ಡವರದಕ್ಕಿಂತ ಭಿನ್ನವಾದುದೆಂದೂ, ಕೀಲುಗಳ ಜೊತೆಗೆ ಗ್ರಂಥಿಗಳೂ ಗುಲ್ಮವೂ ಊದಿಕೊಳ್ಳುವುವೆಂದೂ ತೋರಿಸಿದನು. ಇಂದಿಗೂ ಆ ಬಗೆಗೆ ಅವನ ಹೆಸರು ಉಳಿದಿದೆ.

ಇನ್ನು ಎಣಿಕೆಯ ಮಾತು. ಯುರೋಪು ಅಮೆರಿಕಗಳ ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕವು ಸಾವಿರ ಮಕ್ಕಳಿಗೆ ಒಂದು ಎಂಬುದು. ಉತ್ತರ ಯುರೋಪಿನ ನಾರ್ಡಿಕ್ ದೇಶಗಳಲ್ಲಿ ವರ್ಷವೊಂದಕ್ಕೆ ಲಕ್ಷ ಮಕ್ಕಳಲ್ಲಿ ಸುಮಾರು ೧೫ ಮಂದಿಗೆ ಹೊಸದಾಗಿ ಬರುತ್ತದೆಂದು ಕಂಡುಬಂದಿದೆ. ಆದರೆ ಲೋಕದ ಬೇರೆ ಬೇರೆ ಕಡೆಗಳಲ್ಲಿ ನಡೆದ ಸಮೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ೨೦೦೨ರ ಒಂದು ಪರಾಮರ್ಶೆಯಲ್ಲಿ ವಿಚಿತ್ರವೊಂದು ಹೊರಬಿದ್ದಿತು: ಕನಿಷ್ಠ ಲೆಕ್ಕವು ಸಾವಿರಕ್ಕೆ ೦.೦೭, ಗರಿಷ್ಠವು ೪.೦೧. ಐವತ್ತು ಪಟ್ಟಿಗೂ ಮಿಕ್ಕ ಅಂತರ! ಒಂದು ನಾಡಿನ ಮಕ್ಕಳ ಕೀಲುಗಳು ಇನ್ನೊಂದು ನಾಡಿನ ಮಕ್ಕಳ ಕೀಲುಗಳಿಗಿಂತ ಐವತ್ತು ಪಾಲು ಕೆಟ್ಟಿರುವುದು ನಂಬತಕ್ಕ ಮಾತಲ್ಲ. ಹಾಗಾದರೆ ಭೇದವು ಎಲ್ಲಿಂದ ಬಂದಿತು?

ಆ ದೊಡ್ಡ ಅಂಕೆಯು ಹುಟ್ಟಿದ ಬಗೆಯನ್ನು ನೋಡಿದರೆ ಉತ್ತರವು ತಾನೇ ತಿಳಿಯುತ್ತದೆ. ಸಾಮಾನ್ಯವಾಗಿ ಎಣಿಸುವವರು ಆಸ್ಪತ್ರೆಯ ದಫ್ತರನ್ನು ತೆರೆದು, ಅಲ್ಲಿ ಬರೆದಿರುವ ರೋಗಿಗಳನ್ನು ಕೂಡಿಸುತ್ತಾರೆ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಹಾಗೆ ಮಾಡಲಿಲ್ಲ. ಪ್ರೂಡೆನ್ಸ್ ಮ್ಯಾನರ್ಸ್ ಎಂಬ ವೈದ್ಯೆಯೂ ಅವರ ಸಹಾಯಕರೂ ಶಾಲೆಗಳಿಗೇ ಹೋಗಿ, ಹನ್ನೆರಡು ವರ್ಷದ ೨೨೪೧ ಮಕ್ಕಳ ಕೀಲುಗಳನ್ನು ಪರೀಕ್ಷಿಸಿದರು. ೧೯೯೬ರಲ್ಲಿ ಅದರ ಫಲವು ಪ್ರಕಟವಾಯಿತು. ಸಿಕ್ಕಿದವರು ೯ ಮಂದಿ. ಅದಕ್ಕಿಂತ ಮುಖ್ಯವಾದುದು ಇನ್ನೊಂದುಂಟು: ಆ ಒಂಬತ್ತರಲ್ಲಿ ಹೆಚ್ಚಿನವರಿಗೆ ತಮಗೆ ರೋಗವಿದೆಯೆಂಬುದು ಅದುವರೆಗೆ ತಿಳಿದೇ ಇರಲಿಲ್ಲ. ಶ್ರೀಮಂತವಾದ, ಆಸ್ಪತ್ರೆಗಳಿಗೆ ಕೊರತೆಯಿಲ್ಲದ ನಗರದಲ್ಲಿಯೇ ತಂದೆತಾಯಿಗಳ ಕಣ್ಣೆದುರಿನಲ್ಲಿ, ಉಪಾಧ್ಯಾಯರ ಕಣ್ಣೆದುರಿನಲ್ಲಿ ಈ ಮಕ್ಕಳು ನಡೆದಾಡುತ್ತಿದ್ದರು, ಯಾರೂ ನೋಡಿರಲಿಲ್ಲ.

ನಮ್ಮ ದೇಶದಲ್ಲಿ ಶಾಲೆಗೆ ಹೋಗಿ ಎಣಿಸಿದ ಪ್ರಯತ್ನವು ಲಕ್ಷ್ಮಣಪುರಿ ಎಂದರೆ ಲಕ್ನೋದಲ್ಲಿ ನಡೆದು, ೨೦೧೪ರಲ್ಲಿ ಪ್ರಕಟವಾಗಿದೆ. ಅಲ್ಲಿ ೨೦೫೯ ಶಾಲಾಮಕ್ಕಳಲ್ಲಿ ಸಿಕ್ಕಿದುದು ಒಂದು. ಲಕ್ಷಕ್ಕೆ ೪೮ರಂತೆ ಆಯಿತು. ಪರ್ತಿನ ಒಂಬತ್ತೆಲ್ಲಿ, ಇಲ್ಲಿಯ ಒಂದೆಲ್ಲಿ ಎಂದು ಸಮಾಧಾನಪಡುವವರು ಸ್ವಲ್ಪ ತಡೆಯಬೇಕು. ಎರಡು ಸಾವಿರದಷ್ಟು ಸಣ್ಣ ರಾಶಿಯಲ್ಲಿ ಇನ್ನೊಂದು ಮಗು ಹೆಚ್ಚಾಗಿ ಸಿಕ್ಕಿದ್ದರೆ ಲೆಕ್ಕವು ಒಮ್ಮೆಲೇ ಇಮ್ಮಡಿಯಾಗುತ್ತಿತ್ತು. ಅಂದು ಆ ಮಗು ಶಾಲೆಗೆ ಬಾರದಿದ್ದರೆ ಸೊನ್ನೆಯಾಗುತ್ತಿತ್ತು. ಮೇಲಾಗಿ ಕೀಲು ನೋಯುವ ಮಗುವು ಶಾಲೆಗೆ ಬಾರದಿರುವುದೇ ಹೆಚ್ಚು ಸಂಭವ. ಇನ್ನೊಂದು ಬಗೆಯ ಲೆಕ್ಕವೂ ಉಂಟು. ಅಮೆರಿಕದ ಸರ್ಕಾರವು ೨೦೧೭ರಿಂದ ೨೦೨೧ರ ವರೆಗೆ ತಂದೆತಾಯಿಗಳನ್ನೇ ಕೇಳಿ ಸಂಗ್ರಹಿಸಿದ ಉತ್ತರಗಳಂತೆ, ಅಲ್ಲಿ ಹದಿನೆಂಟು ವರ್ಷದೊಳಗಿನ ಸುಮಾರು ೨,೨೦,೦೦೦ ಮಕ್ಕಳಿಗೆ ಸಂಧಿವಾತವೆಂದು ವೈದ್ಯರು ಹೇಳಿದ್ದರು, ಲಕ್ಷಕ್ಕೆ ೩೦೫. ಇದರಲ್ಲಿ ಬೇರೆ ಬೇರೆ ಕಾರಣದ ಕೀಲುರೋಗಗಳೂ ಸೇರಿರಬಹುದಾದುದರಿಂದ ಅಂಕೆಯು ಹಿಗ್ಗಿದೆ.

ಕರ್ಣಾಟಕದ ಮಟ್ಟಿಗೆ ಬರಿಯ ಗಣಿತವನ್ನು ಹಾಕಿ ನೋಡಬಹುದು. ೨೦೧೧ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆಯು ಆರು ಕೋಟಿ ಹನ್ನೊಂದು ಲಕ್ಷ. ಅದರಲ್ಲಿ ಕಾಲುಭಾಗವು ಮಕ್ಕಳೆಂದು ಹಿಡಿದರೆ ಸುಮಾರು ಒಂದೂವರೆ ಕೋಟಿ. ಲಕ್ನೋದ ದರದಂತೆ ಇವರಲ್ಲಿ ೭,೨೦೦ ಮಕ್ಕಳು, ಸಾವಿರಕ್ಕೊಂದರಂತೆ ೧೫,೦೦೦, ಪರ್ತಿನಂತೆ ೬೦,೦೦೦. ಸತ್ಯವು ಇವುಗಳಲ್ಲಿ ಎಲ್ಲಿಯೇ ಇರಲಿ, ಎಲ್ಲಕ್ಕಿಂತ ಚಿಕ್ಕ ಅಂಕೆಯೂ ಚಿಕ್ಕದಲ್ಲ.

ಇಷ್ಟು ಮಕ್ಕಳಿದ್ದೂ ಕಾಣದಿರುವುದೇಕೆ? ಇಲ್ಲಿ ಮಲೆನಾಡಿನ ಒಂದು ಉದಾಹರಣೆಯು ಪ್ರಯೋಜನಕ್ಕೆ ಬರುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಸಮೀಪದ ಹಂದಿಗೋಡು ಎಂಬ ಹಳ್ಳಿಯಲ್ಲಿ ೧೯೭೫ರ ಸುಮಾರಿಗೆ ಬಡ ಕೂಲಿ ಕುಟುಂಬಗಳ ಎಳೆಯರೂ ತರುಣರೂ ಸೊಂಟದ ಕೀಲು ಹಿಡಿದು, ಬೆಳವಣಿಗೆ ಕುಗ್ಗಿ, ನಡೆಯಲಾರದವರಾಗುತ್ತಿರುವುದು ಕಂಡುಬಂದಿತು. ಮೊದಮೊದಲು ಗದ್ದೆಯ ಏಡಿಗಳಲ್ಲಿ ಸೇರಿದ ಕೀಟನಾಶಕದ ಮೇಲೆ ಸಂಶಯ ಹೋಗಿತ್ತು. ಬಳಿಕ ಅದು ಎಲುಬಿನ ಬೆಳವಣಿಗೆಗೆ ಸಂಬಂಧಿಸಿದ, ವಂಶಪಾರಂಪರ್ಯವಾಗಿ ಇಳಿಯುವ ರೋಗವೆಂದು ಸಂಶೋಧಕರು ನಿರ್ಣಯಿಸಿದರು. ಇದು ಈ ಉಪನ್ಯಾಸದ ಸಂಧಿವಾತವಲ್ಲ, ಬೇರೆಯದೇ. ಆದರೆ ಅದು ಒಂದೇ ಊರಿನಲ್ಲಿ, ಕೆಲವೇ ಮನೆಗಳಲ್ಲಿ ಗುಂಪಾಗಿ ಬಂದುದರಿಂದ ಲೋಕಕ್ಕೆಲ್ಲ ತಿಳಿಯಿತು, ಊರಿನ ಹೆಸರೇ ರೋಗದ ಹೆಸರಾಯಿತು. ಮಕ್ಕಳ ಸಂಧಿವಾತಕ್ಕೆ ಆ ಗುಂಪುಗೂಡುವ ಗುಣವಿಲ್ಲ. ಅದು ಈ ಹಳ್ಳಿಯಲ್ಲೊಂದು ಮಗು, ಹೊಳೆಯಾಚೆಯ ಹಳ್ಳಿಯಲ್ಲೊಂದು ಮಗು ಎಂಬಂತೆ ಚದರಿರುತ್ತದೆ. ಪ್ರತಿಯೊಬ್ಬ ತಾಯಿಯೂ ಲೋಕದಲ್ಲಿ ತನ್ನ ಮಗುವಿಗೊಂದೇ ಇದು ಬಂದಿದೆಯೆಂದು ತಿಳಿದುಕೊಳ್ಳುತ್ತಾಳೆ. ಊರ ವೈದ್ಯನೂ ತನ್ನ ಆಯುಷ್ಯದಲ್ಲಿ ಇಂಥವರನ್ನು ಬೆರಳಲ್ಲಿ ಎಣಿಸುವಷ್ಟೇ ನೋಡಿರುತ್ತಾನೆ.

ಎರಡನೆಯ ಕಾರಣವು ಮಗುವಿನ ಸ್ವಭಾವ. ದೊಡ್ಡವರು ನೋವನ್ನು ಬಾಯಿಂದ ಹೇಳುತ್ತಾರೆ. ಮಕ್ಕಳು ಆಟವನ್ನು ಬಿಟ್ಟು ಹೇಳುತ್ತಾರೆ. ಎರಡು ಮೂರು ವರ್ಷದ ಹೆಣ್ಣುಮಗುವಿಗೆ ಒಂದು ಮೊಳಕಾಲು ಬಾತಿರುತ್ತದೆಂದು ಇಟ್ಟುಕೊಳ್ಳಿರಿ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇದು ಪ್ರಸಿದ್ಧವಾದ ಬಗೆ. ಅವಳು ಅಳುವುದಿಲ್ಲ. ಬೆಳಗ್ಗೆ ಎದ್ದು ಕುಂಟುತ್ತಾಳೆ, ಅಥವಾ ಎತ್ತಿಕೊಳ್ಳೆಂದು ಕೈ ಚಾಚುತ್ತಾಳೆ. ಬಿಸಿಲೇರುವ ಹೊತ್ತಿಗೆ ಕಾಲು ಸಡಿಲಾಗಿ ಓಡಾಡುತ್ತಾಳೆ. “ನಿನ್ನೆ ಬಿದ್ದಿದ್ದಳು, ಉಳುಕಿರಬೇಕು” ಎಂದು ಮನೆಯವರು ಉಳುಕು ತೆಗೆಯುವವರ ಬಳಿಗೆ ಒಯ್ಯುತ್ತಾರೆ. ಮಕ್ಕಳು ದಿನವೂ ಬೀಳುವುದರಿಂದ ಬಿದ್ದ ನೆನಪು ಯಾವಾಗಲೂ ಸಿಕ್ಕೇ ಸಿಕ್ಕುತ್ತದೆ! ತಿಕ್ಕಿದ್ದರಿಂದ ಒಳಗಿನ ಉರಿಯು ಹೋಗದು; ದಿನಗಳು ಮಾತ್ರ ಹೋಗುತ್ತವೆ. ಬಾತ ಕೀಲಿಗೆ ರಕ್ತಸಂಚಾರವು ಹೆಚ್ಚಾಗಿ ಆ ಕಾಲು ಮತ್ತೊಂದಕ್ಕಿಂತ ಉದ್ದ ಬೆಳೆಯುವುದುಂಟು. ನೋಯದಿರಲೆಂದು ಮಗುವು ಮಡಚಿಕೊಂಡೇ ಇದ್ದುದರಿಂದ ಮೊಳಕಾಲು ನೀಡಲಾರದಂತೆ ಆಗುವುದುಂಟು.

ಶಾಲೆಗೆ ಹೋಗುವ ಹುಡುಗನಾದರೆ ಆಪಾದನೆಯ ರೂಪವು ಬೇರೆ. ಪ್ರಾರ್ಥನೆಗೆ ತಡವಾಗಿ ಬರುವವನು ಸೋಮಾರಿ. ಅಕ್ಷರ ಗೀಚುವವನು ಅಜಾಗರೂಕ. ಕವಾಯತಿಗೆ ಬಾರದವನು ಕಳ್ಳ. ಮಣಿಕಟ್ಟು ಬಾತವನ ಅಕ್ಷರವು ದುಂಡಗೆ ಬರುವುದೆಂತು? ಆಟದ ಹೊತ್ತಿಗೆ ಅವನೇ ಓಡುವುದನ್ನು ಉಪಾಧ್ಯಾಯರು ಕಂಡರೆ ಬೆಳಗಿನದೆಲ್ಲ ನಟನೆಯೆಂದೇ ನಿಶ್ಚಯವಾಗುತ್ತದೆ. ಬೆಳಗ್ಗೆ ಬಿಗಿತ, ಹೊತ್ತೇರಿದಂತೆ ಸಡಿಲ ಎಂಬುದು ಈ ರೋಗದ ಲಕ್ಷಣವೇ ಆಗಿದೆಯೆಂದು ತಿಳಿಯದ ಕಡೆ ಮಗುವು ರೋಗಕ್ಕಾಗಿ ಏಟು ತಿನ್ನುತ್ತದೆ. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳ ವರದಿಗಳಲ್ಲಿ ದೊಡ್ಡ ಹುಡುಗರಿಗೆ ಬರುವ ಒಂದು ಬಗೆಯು ಹೆಚ್ಚಾಗಿ ಕಾಣುತ್ತದೆ. ಅದರಲ್ಲಿ ಹಿಮ್ಮಡಿ, ಮೊಳಕಾಲು, ಸೊಂಟ, ಬೆನ್ನಿನ ಬುಡ ನೋಯುತ್ತವೆ. ಮತ್ತೊಂದು ಬಗೆಯಲ್ಲಿ ದಿನಕ್ಕೊಮ್ಮೆ ಏರಿಳಿಯುವ ತೀವ್ರ ಜ್ವರವೂ, ಬಂದು ಮಾಯವಾಗುವ ನಸುಗೆಂಪು ಗಂಧೆಗಳೂ ಮೊದಲು ತೋರಿ, ಕೀಲು ಬಾತುಕೊಳ್ಳುವುದು ತಡವಾಗಬಹುದು. ಅದು ಪ್ರಾಣಕ್ಕೂ ಅಪಾಯಕರವಾದುದು.

ಎಲ್ಲಕ್ಕಿಂತ ಕಪಟವಾದುದು ಕಣ್ಣಿನ ಉಪದ್ರವ. ಈ ಮಕ್ಕಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಮಂದಿಗೆ, ಅದರಲ್ಲಿಯೂ ಒಂದೆರಡು ಕೀಲು ಮಾತ್ರ ಬಾತ ಚಿಕ್ಕ ಹೆಣ್ಣುಮಕ್ಕಳಿಗೆ, ಕಣ್ಣಿನೊಳಗೂ ಅದೇ ಉರಿಯು ಹುಟ್ಟುತ್ತದೆ. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ, ನೋಯುವುದಿಲ್ಲ. ಹೊರಗೆ ಹಾಲಿನಂತೆ ಬೆಳ್ಳಗಿರುವ ಕಣ್ಣು ಒಳಗೆ ಮೆಲ್ಲಗೆ ಕೆಡುತ್ತಿರುತ್ತದೆ. ಪಾಪೆಯು ಅಂಟಿಕೊಂಡು, ಪೊರೆ ಬಂದು, ದೃಷ್ಟಿ ಹೋದಮೇಲೆ ತಿಳಿಯುತ್ತದೆ. ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಿಂದ ಕಣ್ಣಿನ ವೈದ್ಯರು ನೋಡಿದರೆ ಮಾತ್ರ ಇದು ಆರಂಭದಲ್ಲಿ ಸಿಕ್ಕುವುದು. ಅಪಾಯ ಹೆಚ್ಚಿರುವ ಮಕ್ಕಳನ್ನು ಮೂರು ತಿಂಗಳಿಗೊಮ್ಮೆ ತೋರಿಸಬೇಕೆಂಬ ಕ್ರಮವುಂಟು. ಮೊಳಕಾಲಿನ ರೋಗಕ್ಕೆ ಕಣ್ಣಿನ ಆಸ್ಪತ್ರೆಗೆ ಕಳುಹಿಸಿದರೆ ವೈದ್ಯನಿಗೆ ತಲೆ ಕೆಟ್ಟಿತೆಂದು ತಿಳಿಯಬಾರದು.

ಕಾಲುನೋವೆಲ್ಲವೂ ಸಂಧಿವಾತವೆಂದು ಹೆದರಿಸುವುದೂ ಅನ್ಯಾಯವೇ. ಸಂಜೆ ಅಥವಾ ರಾತ್ರಿ ಎರಡೂ ಕಾಲು ನೋಯುತ್ತವೆಂದು ಅತ್ತು, ತಾಯಿ ಒತ್ತಿದರೆ ನಿದ್ದೆಹೋಗಿ, ಬೆಳಗ್ಗೆ ಕುಣಿಯುವ ಮಗುವಿಗೆ ಕೀಲಿನಲ್ಲಿ ಬಾವಿಲ್ಲದಿದ್ದರೆ ಚಿಂತೆಯಿಲ್ಲ. ೨೦೦೬ರಲ್ಲಿ ಈ ನಾಡಿನಲ್ಲಿ ಹಬ್ಬಿದ ಚಿಕುನ್‌ಗುನ್ಯ ಜ್ವರವು ಕೀಲುಗಳನ್ನು ಹಿಡಿದುದನ್ನು ಬಹುಮಂದಿ ಮರೆತಿರಲಾರರು. ಮಕ್ಕಳಲ್ಲಿ ಅಂಥ ನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆರು ವಾರದ ನಿಯಮವು ಇದಕ್ಕಾಗಿಯೇ. ಆದರೆ ಒಂದೇ ಕೀಲು ಬಾತು ಜ್ವರವಿದ್ದರೆ ಆರು ವಾರ ಕಾಯುವ ಮಾತೇ ಇಲ್ಲ. ಕೀವು ತುಂಬಿದ ಕೀಲಾಗಿದ್ದರೆ ಆ ದಿನವೇ ಆಸ್ಪತ್ರೆ ಸೇರಬೇಕು. ಕ್ಷಯವೂ ಕೀಲಿಗೆ ಇಳಿಯುವುದುಂಟು. ರಾತ್ರಿಯೆಲ್ಲ ಎಲುಬು ನೋಯುತ್ತ ಮಗುವು ಬಿಳಿಚಿಕೊಂಡರೆ ರಕ್ತದ ಅರ್ಬುದವನ್ನು ಸಂಶಯಿಸಬೇಕು. ಹೆಚ್ಚಾಗಿ ಗೊಂದಲವಾಗುವುದು ಗಂಟಲುಬೇನೆಯ ಹಿಂದೆ ಬರುವ ರುಮ್ಯಾಟಿಕ್ ಜ್ವರದೊಡನೆ. ಅದರಲ್ಲಿ ನೋವು ಒಂದು ಕೀಲನ್ನು ಬಿಟ್ಟು ಇನ್ನೊಂದಕ್ಕೆ ಹಾರುತ್ತದೆ, ಕೀಲು ಕೆಡದೆ ವಾಸಿಯಾಗುತ್ತದೆ. ಕೆಡುವುದು ಹೃದಯದ ಕವಾಟ. ಆ ಮಕ್ಕಳಿಗೆ ವರ್ಷಗಟ್ಟಲೆ ಪೆನಿಸಿಲಿನ್ ಅವಶ್ಯ. ಸಂಧಿವಾತದ ಮಗುವಿಗೆ ಬರಿಯ ರಕ್ತಪರೀಕ್ಷೆಯೊಂದನ್ನು ನಂಬಿ ಅದೇ ಪೆನಿಸಿಲಿನ್ ಸೂಜಿಯನ್ನು ಚುಚ್ಚುತ್ತ ಹೋದರೆ ಕೀಲು ಕೆಡುತ್ತಲೇ ಇರುತ್ತದೆ.

ಚಿಕಿತ್ಸೆಯ ವಿಷಯದಲ್ಲಿ ಕಾಲವು ಬಹಳ ಬದಲಾಗಿದೆ. ೧೯೪೮ರಲ್ಲಿ ಕಾರ್ಟಿಸೋನ್ ಮೊದಲ ಬಾರಿಗೆ ಸಂಧಿವಾತಕ್ಕೆ ಪ್ರಯೋಗವಾದಾಗ ಹಾಸಿಗೆ ಹಿಡಿದವರು ಎದ್ದು ನಡೆದರು. ಅದರ ಬೆಲೆ ಎಷ್ಟೆಂಬುದು ಆಮೇಲೆ ತಿಳಿಯಿತು, ಮಕ್ಕಳ ಬೆಳವಣಿಗೆಯು ಕುಗ್ಗಿತು. ೧೯೯೨ರಲ್ಲಿ ಮೆಥೊಟ್ರೆಕ್ಸೇಟ್ ಎಂಬ ಔಷಧದ ಗುಣವು ಮಕ್ಕಳಲ್ಲಿ ಸಿದ್ಧವಾಯಿತು. ೧೯೯೯ರ ಹೊತ್ತಿಗೆ ಉರಿಯ ಮೂಲವನ್ನೇ ತಡೆಯುವ ಜೈವಿಕ ಔಷಧಗಳು ಬರತೊಡಗಿದವು. ಇವು ಬೆಲೆಯಲ್ಲಿ ದುಬಾರಿ. ಅಡಗಿರುವ ಕ್ಷಯವನ್ನು ಕೆಣಕುವ ಭಯವಿರುವುದರಿಂದ ಮೊದಲು ಅದನ್ನು ಪರೀಕ್ಷಿಸಬೇಕಾಗುತ್ತದೆ. ಮೆಥೊಟ್ರೆಕ್ಸೇಟನ್ನು ಕೊಡುವುದು ವಾರಕ್ಕೊಮ್ಮೆ. ವಾರಕ್ಕೊಮ್ಮೆ! ಬೇಗ ವಾಸಿಯಾಗಲೆಂದು ದಿನವೂ ಕೊಟ್ಟರೆ ಅದು ವಿಷವಾಗುತ್ತದೆ. ಮನೆಯಲ್ಲಿ ಅದಕ್ಕೆ ಒಂದು ವಾರವನ್ನು ಗೊತ್ತುಮಾಡಿ ಪಂಚಾಂಗದಲ್ಲಿ ಗುರುತು ಹಾಕುವುದು ಮೇಲು. ಹೀಗೆ ಕ್ರಮವಾಗಿ ನಡೆಸಿದ ಬಹುಮಂದಿ ಮಕ್ಕಳ ರೋಗವು ತಣ್ಣಗಾಗುತ್ತದೆ. ಗಣನೀಯವಾದ ಒಂದು ಭಾಗಕ್ಕೆ ಅದು ಪ್ರಾಯದಲ್ಲಿಯೂ ಉಳಿಯುತ್ತದೆ.

ಪಥ್ಯದ ಹೆಸರಿನಲ್ಲಿ ನಡೆಯುವ ಹಿಂಸೆಯ ವಿಷಯವಾಗಿ ಒಂದು ಮಾತು. ವಾಯುವೆಂದು ಹೇಳಿದ ಕೂಡಲೇ ಬದನೆ, ಆಲೂಗಡ್ಡೆ, ಬೇಳೆ, ಮೊಸರು, ಹುಳಿ ಎಲ್ಲವನ್ನೂ ತಟ್ಟೆಯಿಂದ ತೆಗೆದು, ಬೆಳೆಯುವ ಮಗುವನ್ನು ಗಂಜಿಯ ಮೇಲೆ ಇಡುತ್ತಾರೆ. ಒಳಗಿನ ಉರಿಯೇ ಮಗುವಿನ ಹಸಿವನ್ನೂ ಬೆಳವಣಿಗೆಯನ್ನೂ ತಿನ್ನುತ್ತಿರುವಾಗ ಹೊರಗಿನಿಂದ ಉಪವಾಸವೊಂದು ಬೇರೆ! ಹಾಲು, ಮೊಸರು, ಬೇಳೆ, ರಾಗಿ ಆ ಎಲುಬುಗಳಿಗೆ ಬೇಕಾದುವೇ. ಹಾಗೆಯೇ ಹಾಸಿಗೆಯಲ್ಲಿ ಮಲಗಿಸಿಡುವುದೂ ಪಥ್ಯವಲ್ಲ. ಈಜು, ಸೈಕಲ್ಲು, ದಿನವೂ ಕೀಲುಗಳನ್ನು ನೀಡಿ ಮಡಚುವ ವ್ಯಾಯಾಮ ಇವು ಔಷಧದಷ್ಟೇ ಅವಶ್ಯ.

ಈ ಸಭೆಯಲ್ಲಿ ಪ್ರಸಾದನಿಲಯಗಳನ್ನು ನಡೆಸುವವರು ಬಹುಮಂದಿ ಇರುವುದರಿಂದ ಕಡೆಯ ಮಾತು ಅವರಿಗೆ ಸಂಬಂಧಿಸಿದುದು. ಈ ರೋಗದಲ್ಲಿ ಪಳಗಿದ ಮಕ್ಕಳ ವೈದ್ಯರು ದೊಡ್ಡ ನಗರಗಳಲ್ಲಿಯೇ ಹೆಚ್ಚಾಗಿರುವುದು ನಿಜ. ಆದರೆ ನೂರಾರು ಮಕ್ಕಳು ಬೆಳಗ್ಗೆ ಏಳುವುದನ್ನು ದಿನವೂ ಕಾಣುವ ಅವಕಾಶವು ಆ ವೈದ್ಯರಿಗೂ ಇಲ್ಲ, ನಿಲಯದವರಿಗೆ ಉಂಟು. ಹಾಸಿಗೆಯಿಂದ ಯಾರು ಕೈಯೂರಿ ಏಳುತ್ತಾನೆ, ಪಂಕ್ತಿಯಲ್ಲಿ ಯಾರು ಚಕ್ಕಳಮಕ್ಕಳ ಹಾಕಲಾರದೆ ಕಾಲು ಚಾಚಿ ಕುಳಿತು ಬೈಸಿಕೊಳ್ಳುತ್ತಾನೆ ಎಂಬುದು ಅವರ ಕಣ್ಣಿಗೇ ಬೀಳುವುದು. ಇಂಗ್ಲೆಂಡಿನ ವೈದ್ಯರು ಶಾಲೆಯ ವಯಸ್ಸಿನ ಮಕ್ಕಳಿಗಾಗಿ ಎರಡೇ ನಿಮಿಷದ ಒಂದು ಪರೀಕ್ಷೆಯನ್ನು ಕಟ್ಟಿದ್ದಾರೆ. ೨೦೦೬ರಲ್ಲಿ ಅದು ಪ್ರಕಟವಾಯಿತು. ವೈದ್ಯರಿಗೆಂದು ಮಾಡಿದುದಾದರೂ ಅದರ ಬಹುಭಾಗವನ್ನು ಯಾರೂ ಗಮನಿಸಬಹುದು. ಮೊದಲು ಮೂರು ಪ್ರಶ್ನೆಗಳು: ಕೀಲುಗಳಲ್ಲಾಗಲಿ ಸ್ನಾಯುಗಳಲ್ಲಾಗಲಿ ಬೆನ್ನಿನಲ್ಲಾಗಲಿ ನೋವು ಬಿಗಿತಗಳುಂಟೆ? ಬಟ್ಟೆ ಹಾಕಿಕೊಳ್ಳಲು ಕಷ್ಟವಾಗುತ್ತದೆಯೆ? ಮೆಟ್ಟಿಲು ಹತ್ತಿಳಿಯಲು ಕಷ್ಟವಾಗುತ್ತದೆಯೆ? ಬಳಿಕ ಮಗುವನ್ನು ಬೆರಳತುದಿಯ ಮೇಲೆಯೂ ಹಿಮ್ಮಡಿಯ ಮೇಲೆಯೂ ನಡೆಸುತ್ತಾರೆ. ಮುಷ್ಟಿ ಹಿಡಿಸುತ್ತಾರೆ. ಬಾಗಿ ಕಾಲ್ಬೆರಳು ಮುಟ್ಟಿಸುತ್ತಾರೆ. ಎರಡು ಅಂಗೈಗಳನ್ನು ಎದೆಯ ಮುಂದೆ ಜೋಡಿಸಿ ಒತ್ತಿಸುತ್ತಾರೆ. ಇದು ದಿನವೂ ಮಕ್ಕಳು ಪ್ರಾರ್ಥನೆಯಲ್ಲಿ ಕೈಮುಗಿಯುವುದೇ ಆಗಿದೆ. ಮಣಿಕಟ್ಟು ಬಾತ ಮಗುವಿನ ಅಂಗೈಗಳು ಪೂರ್ತಿ ಕೂಡುವುದಿಲ್ಲ, ಮೊಳಕೈಗಳು ಸಮನಾಗಿ ಏಳುವುದಿಲ್ಲ. ಆಮೇಲೆ ಬಾಯನ್ನು ಅಗಲವಾಗಿ ತೆರೆದು ತನ್ನವೇ ಮೂರು ಬೆರಳುಗಳನ್ನು ಒಟ್ಟಿಗೆ ಒಳಗಿಡುವಂತೆ ಹೇಳುತ್ತಾರೆ. ಮಕ್ಕಳು ಇದಕ್ಕೆ ನಗುತ್ತಾರೆ. ಇಡಲಾರದ ಮಗುವೊಂದಿದ್ದರೆ ಅದರ ದವಡೆಯ ಕೀಲನ್ನು ವೈದ್ಯರಿಗೆ ತೋರಿಸಬೇಕು.